ಫ್ರೀಜರಿನಲ್ಲಿಟ್ಟ ಹೆಣಿಗೆ

ಗಂಡನ ಅಂಗಿಯ ಕಾಲರಿನ ಮೇಲೆ ಸಿಕ್ಕಿದ ಕೂದಲು ಹೆಂಗಸಿನದಾಗಿದ್ದರೆ ಟೀಚರಮ್ಮನಿಗೆ ಅಷ್ಟು ಉರಿಯುತ್ತಿರಲಿಲ್ಲ.

ಬಟ್ಟೆ ಒಗೆಯಲು ಹಾಕುವ ಮುಂಚೆ ಅವಳು ಅವನ ಕಿಸೆ ತಡಕುವುದು ವಾಡಿಕೆ. ಬೀಗ ರಿಪೇರಿ ಮಾಡುವವನ ಕಿಸೆ ಎಂದರೆ ಕೇಳಬೇಕೆ? ಸ್ಪ್ರಿಂಗು, ಸ್ಕ್ರೂ, ಯಾರದೋ ಮನೆಯ ಬೀಗದ ಕೈ. ಅವತ್ತು ಕಿಸೆ ಖಾಲಿಯಿತ್ತು. ಕಾಲರಿನ ಮೇಲೆ ಮಾತ್ರ ಒಂದು ಎಳೆ, ಬೆರಳುದ್ದದ್ದು, ಕಡು ನೇರಳೆ ಬಣ್ಣದ್ದು. ನೇರಳೆ ತಲೆಗೂದಲಿನ ಹೆಂಗಸು ಆ ಬೀದಿಯಲ್ಲಂತೂ ಇರಲಿಲ್ಲ. ಅವಳು ಎಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಎರಡು ಬೆರಳ ನಡುವೆ ಹೊಸೆದಳು. ಆಡಿನ ಕೂದಲು. ಅನುಮಾನವೇ ಇಲ್ಲ, ಮೊಹೇರ್ ನೂಲು.

ಕ್ರೋಶಾ ಕಡ್ಡಿ ಹಿಡಿಯುವವರು ಯಾರೂ ಮನಸಾರೆ ಮುಟ್ಟದ ನೂಲು ಅದು. ಮೈತುಂಬ ಕೂದಲಿರುವುದರಿಂದ ಹೆಣೆದರೆ ಕುಣಿಕೆ ಎಲ್ಲಿದೆ ಎಂದು ಕಣ್ಣಿಗೆ ಕಾಣದು. ಮಂಜಿನೊಳಗೆ ಸೂಜಿ ಹುಡುಕಿದ ಹಾಗೆ. ಬೇರೆ ನೂಲಾದರೆ ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಂಡು ಬರುತ್ತದೆ. ಇದು ಹಾಗಲ್ಲ. ಕೂದಲು ಕೂದಲನ್ನು ತಬ್ಬಿಕೊಂಡು ಜಡೆಗಟ್ಟಿ ಕೂತುಬಿಡುತ್ತದೆ. ಇಂಥ ನೂಲನ್ನು ಇಡೀ ಊರಿಗೆ ಮಾರುವವಳು ಒಬ್ಬಳೇ: ಮಾರ್ಕೆಟ್ಟಿನ ಹಿಂದಿನ ಓಣಿಯ ಉಣ್ಣೆ ಅಂಗಡಿಯಾಕೆ. ಬಾಬ್ ಮಾಡಿಸಿದ ಬೆಳ್ಳಿ ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ, ನಗುವಾಗ ಎದುರಿನವರ ಕೈ ಮುಟ್ಟಿ ನಗುವ ಅಭ್ಯಾಸ.

ಆ ಕೈ ಮುಟ್ಟುವ ಅಭ್ಯಾಸದ ಮೇಲೆ ಟೀಚರಮ್ಮನ ಯೋಚನೆ ನಿಂತುಬಿಟ್ಟಿತು.

ಅವಳಿಗೆ ಟೀಚರಮ್ಮ ಎಂದು ಹೆಸರು ಬಿದ್ದದ್ದು ಯಾವ ಶಾಲೆಯಿಂದಲೂ ಅಲ್ಲ. ಮದುವೆಯಾಗಿ ಬಂದ ಹೊಸತರಿಂದ ಮುಂದಿನ ಕೋಣೆಯಲ್ಲಿ ಬೀದಿಯ ಹೆಂಗಸರನ್ನು ಕೂರಿಸಿಕೊಂಡು ಕ್ರೋಶಾ ಕಲಿಸುತ್ತ ಬಂದಿದ್ದಳು. ಅವಳ ಕೈಯ ಹೆಣಿಗೆಯಲ್ಲಿ ಒಂದು ಕುಣಿಕೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಂಥವಳ ಗಂಡ ಉಣ್ಣೆ ಅಂಗಡಿಯಾಕೆಯ ಹತ್ತಿರ ಹೆಣಿಗೆ ಕಲಿಯುತ್ತಿದ್ದಾನೆಂದರೆ!

ಕಾರಣವೇನೋ ಇತ್ತು. ಚಳಿಗಾಲದಲ್ಲಿ ಹಳೆಯ ತಿಜೋರಿಯೊಂದರ ಬಾಗಿಲು ಸಿಡಿದು ಅವನ ಬಲಗೈಯ ತೋರುಬೆರಳು ಕೊಯ್ದುಹೋಗಿತ್ತು. ಗಾಯ ಮಾಯಿತು, ಸ್ಪರ್ಶ ಬರಲಿಲ್ಲ. "ಬೀಗದೊಳಗೆ ಕಣ್ಣು ಹೋಗೋದಿಲ್ಲ ಡಾಕ್ಟ್ರೇ, ಬೆರಳೇ ಹೋಗಬೇಕು" ಎಂದು ಅವನು ಆಸ್ಪತ್ರೆಯಲ್ಲಿ ಹೇಳಿದ್ದ. ಡಾಕ್ಟರು ದಿನಾ ಆ ಬೆರಳಿಗೆ ಐಸು ಉಜ್ಜಲು ಹೇಳಿದರು. ಬೆರಳ ತುದಿಗೆ ನವಿರಾದ ಕೆಲಸ ಕೊಡಿ, ಹೂ ಕಟ್ಟೋದು, ಹೆಣೆಯೋದು, ಏನಾದರೂ, ಎಂದರು.

ಹೆಣೆಯೋದು ಎಂದಾಗ ಅವಳು ಅವನ ಕಡೆ ನೋಡಿದಳು. ಅವನು ಗೋಡೆಯ ಗಡಿಯಾರ ನೋಡಿದ. ಮನೆಗೆ ಬಂದ ಮೇಲೆ ಅವಳು ತನ್ನ ಅತ್ಯುತ್ತಮ ಕಡ್ಡಿಯನ್ನು ಮೇಜಿನ ಮೇಲೆ, ಅವನ ಕಣ್ಣಿಗೆ ಬೀಳುವಲ್ಲಿ ಇಟ್ಟಳು. ಒಂದು ಮಾತು ಕೇಳಲಿ ಎಂದು ಕಾದಳು. ಅವನು ಕೇಳಲಿಲ್ಲ. ಕಡ್ಡಿಯ ಮೇಲೆ ಧೂಳು ಕೂತಿತು, ಅವಳೇ ಒರೆಸಿ ಎತ್ತಿಟ್ಟಳು.

"ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದಕ್ಕೆ ನಾನೇ ಸಾಕ್ಷಿ" ಎಂದಳು, ಮಗಳು ಆಫೀಸಿಗೆ ಹೊರಡಲು ಬಟ್ಟೆ ಇಸ್ತ್ರಿ ಮಾಡಿಕೊಳ್ಳುತ್ತಿದ್ದಾಗ.

"ಹಿತ್ತಲ ಗಿಡಕ್ಕೆ ಮುಳ್ಳಿದ್ರೆ ಮದ್ದಿಗೆ ಅಂತ ಯಾರಮ್ಮ ಕೈ ಹಾಕ್ತಾರೆ?"

"ನನಗೇನೇ ಮುಳ್ಳು?"

ಮಗಳು ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು. "ಸ್ಕೂಲಲ್ಲಿದ್ದಾಗ ನಾನೊಂದು ಕೆಂಪು ಮಫ್ಲರ್ ಹೆಣೆದಿದ್ದೆ, ನೆನಪಿದೆಯಾ?"

"ಇಲ್ಲದೆ ಏನು. ಒಂದು ಬದಿ ಸೊಟ್ಟಗಿತ್ತು."

"ನನಗೆ ಸೊಟ್ಟ ಕಾಣಿಸಿರಲಿಲ್ಲ. ಸ್ಕೂಲಿಂದ ಬಂದು ನೋಡಿದ್ರೆ ಮಫ್ಲರ್ ಇಲ್ಲ, ಉಂಡೆ ಇದೆ."

"ಸರಿಯಾಗಿ ಮತ್ತೆ ಹಾಕಲಿ ಅಂತ ಬಿಚ್ಚಿದ್ದು."

"ಮತ್ತೆ ಹಾಕಿದ್ನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಗಳು ಒಳಗೆ ಹೋದಳು. ಟೀಚರಮ್ಮನಿಗೆ ಈ ಮಾತು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹೊಳೆಯಲಿಲ್ಲ. ಅವಳ ತಲೆಯಲ್ಲಿ ನೇರಳೆ ಎಳೆ ಒಂದೇ ಇತ್ತು.

ಅವತ್ತು ಮಧ್ಯಾಹ್ನವೇ ಮಾರ್ಕೆಟ್ಟಿನ ಹಿಂದಿನ ಓಣಿಗೆ ಹೋದಳು. ಹೋಗುವುದಕ್ಕೆ ನೆಪ ಬೇಕಲ್ಲ, ಕೈಯಲ್ಲೊಂದು ಚೀಲ ಹಿಡಿದಿದ್ದಳು. ಉಣ್ಣೆ ಅಂಗಡಿಯ ಗಾಜಿನಾಚೆ, ಬಣ್ಣಬಣ್ಣದ ಉಂಡೆಗಳ ಗೋಡೆಯ ಕೆಳಗೆ, ಗಂಡ ಸ್ಟೂಲಿನ ಮೇಲೆ ಕೂತಿದ್ದ. ಕೈಯಲ್ಲಿ ಕಡ್ಡಿ, ಮಡಿಲಲ್ಲಿ ನೇರಳೆ ಮಂಜು. ಕಣ್ಣು ಮುಚ್ಚಿಕೊಂಡಿದ್ದ. ಹೆಂಡತಿ ಮಾತಾಡುವಾಗ ಮುಚ್ಚಿಕೊಳ್ಳುವ ಕಣ್ಣಲ್ಲ ಅದು. ಬೀಗದೊಳಗೆ ತಂತಿ ಬಿಟ್ಟು ಉಸಿರು ಹಿಡಿದಾಗ ಮುಚ್ಚಿಕೊಳ್ಳುವ ಕಣ್ಣು. ಎದುರಿಗೆ ಆಕೆ. ಅವನ ತೋರುಬೆರಳನ್ನು ತನ್ನ ಬೆರಳಿಂದ ಹಿಡಿದು ಹೆಣಿಗೆಯ ಅಂಚಿನ ಮೇಲೆ ಒಂದೊಂದೇ ಕುಣಿಕೆಗೆ ಮುಟ್ಟಿಸುತ್ತಿದ್ದಳು. ಅವನೇನೋ ಹೇಳಿದ. ಆಕೆ ನಕ್ಕಳು. ಅವನೂ ನಕ್ಕ.

ಬೆರಳು ಕೊಯ್ದ ಮೇಲೆ ಮನೆಯಲ್ಲಿ ಅವನು ನಕ್ಕದ್ದು ಅವಳಿಗೆ ನೆನಪಿರಲಿಲ್ಲ.

ಒಳಗೆ ನುಗ್ಗಿ ಎರಡು ಮಾತು ಕೇಳಿಬಿಡಬೇಕು ಎನಿಸಿತು. ಆದರೆ ಕೇಳಿದರೆ ಏನೆಂದು ಕೇಳುವುದು? ನನ್ನ ಗಂಡನಿಗೆ ಹೆಣಿಗೆ ಯಾಕೆ ಹೇಳಿಕೊಟ್ಟೆ ಎಂದೇ? ನಗೆಪಾಟಲು. ಅವನು ಕಣ್ಣು ಬಿಡುವುದರೊಳಗೆ ತಿರುಗಿ ಹೊರಟುಬಿಟ್ಟಳು, ಅಥವಾ ಹಾಗೆಂದುಕೊಂಡಳು.

ಸಂಜೆ ತಟ್ಟೆ ಮುಂದಿಡುತ್ತ ಕೇಳಿದಳು: "ಇವತ್ತು ಅಂಗಡೀಲಿ ಬೀಗ ಜಾಸ್ತಿ ಬಂದಿತ್ತಾ?"

"ಹ್ಞೂಂ, ಸುಮಾರಾಗಿ."

"ಬೀಗ ಬಂದಿತ್ತೋ ಬೀಗಿತ್ತಿ ಬಂದಿದ್ಲೋ."

"ಏನಂದೆ?"

"ಉಪ್ಪು ಬೇಕಾ ಅಂದೆ."

ಅವನು ಏನೋ ಹೇಳಲು ಬಾಯಿ ತೆರೆದವನು ತುತ್ತು ಇಟ್ಟುಕೊಂಡ. ಅದನ್ನು ಅವಳು ತನಗೆ ಬೇಕಾದ ಹಾಗೆ ಓದಿಕೊಂಡಳು.

ಮರುದಿನದಿಂದ ಅವಳ ಕಣ್ಣು ಅವನ ಬೆನ್ನಿಗೆ ಅಂಟಿಕೊಂಡಿತು. ಕೋಣೆಯ ಮೂಲೆಯ ತಗಡಿನ ಪೆಟ್ಟಿಗೆಗೆ ಹೊಸ ಬೀಗ ಬಿದ್ದಿರುವುದು ಆಗ ಕಾಣಿಸಿತು. ಬೀಗದವನ ಮನೆಯಲ್ಲಿ ಅಲ್ಲಿಯವರೆಗೆ ಒಂದು ಡಬ್ಬಿಗೂ ಬೀಗವಿರಲಿಲ್ಲ; ಬೀರುವಿನ ಬೀಗದ ಕೈ ಕಳೆದು ಮಗಳ ವಯಸ್ಸಿನಷ್ಟು ವರ್ಷವಾಗಿತ್ತು. ಈಗ ಹೆಂಡತಿ ನೋಡಬಾರದೆಂದು ಬೀಗ!

ಕ್ಲಾಸಿಗೆ ಬರುವ ಪೋಸ್ಟ್‌ಮ್ಯಾನ್ ಹೆಂಡತಿ ಅವತ್ತೇ ಉರಿಯುವ ಬೆಂಕಿಗೆ ತುಪ್ಪ ಸುರಿದಳು. "ಟೀಚರಮ್ಮ, ನಿಮ್ಮ ಯಜಮಾನ್ರು ಉಣ್ಣೆ ಅಂಗಡೀಲಿ ಕೂತಿದ್ರಪ್ಪ. ನಿಮಗೆ ನೂಲು ತರೋಕೆ ಹೋಗಿದ್ರು ಅನ್ಸುತ್ತೆ. ಎಂಥ ಪುಣ್ಯ ನಿಮ್ಮದು. ನಮ್ಮವರು ಊರಿಗೆಲ್ಲ ಕಾಗದ ಹಂಚ್ತಾರೆ, ನನಗೊಂದು ಗುಂಡಿ ತಂದ್ಕೊಡಲ್ಲ."

ಉಳಿದವರು ನಕ್ಕರು. ಟೀಚರಮ್ಮನೂ ನಗುತ್ತಲೇ ಅವಳ ಕೈಯಲ್ಲಿದ್ದ ಟೊಪ್ಪಿಗೆ ಕೈ ಚಾಚಿದಳು. "ಎಲ್ಲಿ, ತೋರಿಸು. ಇದೇನಿದು? ಇಲ್ಲೊಂದು ಕುಣಿಕೆ ಬಿಟ್ಟುಬಿಟ್ಟಿದೀಯ." ತುದಿ ಹಿಡಿದು ಎಳೆದಳು. ಸರ್ರ್, ಸರ್ರ್. ಸಾಲಿನ ಮೇಲೆ ಸಾಲು ಬಿಚ್ಚಿಕೊಂಡು ಟೊಪ್ಪಿಯ ಮುಕ್ಕಾಲು ಭಾಗ ಗುಂಗುರು ನೂಲಾಗಿ ಚಾಪೆಯ ಮೇಲೆ ಬಿತ್ತು. ಪೋಸ್ಟ್‌ಮ್ಯಾನ್ ಹೆಂಡತಿ ನೂಲಿನ ಕಡೆ ನೋಡುತ್ತ, "ಮಗೂಗೆ ಭಾನುವಾರ ಹಾಕೋಣ ಅಂತಿದ್ದೆ" ಎಂದಳು, ಮೆಲ್ಲಗೆ.

"ತಪ್ಪಿಟ್ಟುಕೊಂಡು ಹಾಕ್ತೀಯಾ?" ಎಂದಳು ಟೀಚರಮ್ಮ. ನೂಲು ಬಿಚ್ಚುವಾಗ ಮನಸ್ಸಿಗೆ ಸ್ವಲ್ಪ ತಂಪಾಗಿದ್ದಂತೂ ನಿಜ.

ಮುಂದಿನ ವಾರ ಒಂದು ಬೆಳಿಗ್ಗೆ, ಹಿಂದಿನ ಬೀದಿಯವನೊಬ್ಬ ಏದುಸಿರು ಬಿಡುತ್ತ ಬಂದು ಬಾಗಿಲು ಬಡಿದ. "ಬೀಗದಣ್ಣ, ಬೇಗ ಬನ್ನಿ! ನಮ್ಮ ಸಣ್ಣದು ಬಾತ್‌ರೂಮಲ್ಲಿ ಸಿಕ್ಕಿಹಾಕ್ಕೊಂಡಿದೆ. ಒಳಗೆ ಲಾಕ್ ಆಗಿದೆ, ನಲ್ಲಿ ಬೇರೆ ಬಿಟ್ಕೊಂಡಿದೆ." ಕೋಣೆಯೊಳಗಿದ್ದ ಗಂಡ ಏನನ್ನೋ ಪೆಟ್ಟಿಗೆಗೆ ತುರುಕಿ, ಬೀಗ ಒತ್ತಿ, ಉಪಕರಣದ ಚೀಲ ಹೆಗಲಿಗೇರಿಸಿ ಓಡಿದ.

ಅವಳು ಕೋಣೆಗೆ ಹೋದಳು. ಬೀಗ ಕೊಂಡಿಯಲ್ಲಿ ನೇತಾಡುತ್ತಿತ್ತು, ಕೂತಿರಲಿಲ್ಲ. ಕೂತದ್ದೂ ಕೂರದ್ದೂ ಗೊತ್ತಾಗುತ್ತಿದ್ದದ್ದು ಅವನ ತೋರುಬೆರಳಿಗೆ. ಆ ಬೆರಳಿಗೆ ಈಗ ಅಷ್ಟು ಸುದ್ದಿ ಮುಟ್ಟುವುದಿಲ್ಲ. ಇದು ಹೊಳೆಯುವಷ್ಟರಲ್ಲಿ ಅವಳ ಕೈ ಬೀಗ ತೆಗೆದಾಗಿತ್ತು.

ಒಳಗಿತ್ತು ಮಫ್ಲರು. ಮೊಳಕ್ಕೆ ಮಿಕ್ಕಿತ್ತು, ಎತ್ತಿದರೆ ಭಾರವೇ ಇಲ್ಲ. ಕಣ್ಣಿಗೆ ಬರೀ ನೇರಳೆ ಹೊಗೆ. ಅವಳು ಕಿಟಕಿಯ ಬಳಿ ಕೂತು, ಕಣ್ಣು ಮುಚ್ಚಿ, ಬೆರಳಿಂದ ಓದಿದಳು. ಮೊದಲ ಸಾಲುಗಳು ಕುಡುಕನ ನಡಿಗೆ. ಆಮೇಲಾಮೇಲೆ ಕುಣಿಕೆಗಳು ಒಂದರ ಪಕ್ಕ ಒಂದು ನೆಟ್ಟಗೆ ಕೂತಿದ್ದವು. ಇಷ್ಟು ಬೇಗ ಹೀಗೆ ಕೈ ಕುದುರುವುದೆಂದರೆ! ಹೊಟ್ಟೆಕಿಚ್ಚು ಎದೆಗೇರಿತು. ಅಷ್ಟರಲ್ಲಿ ಬೆರಳು ತಡೆಯಿತು. ನಡುವಿನಲ್ಲಿ ಒಂದು ಕಡೆ ಕುಣಿಕೆ ತಪ್ಪಿತ್ತು. ಒಂದಲ್ಲ, ಒತ್ತಟ್ಟಿಗೆ ಮೂರು ನಾಲ್ಕು. ಅಲ್ಲಿಂದ ಮಫ್ಲರು ಸೊಂಟ ಹಿಡಿದವರ ಹಾಗೆ ಒಂದು ಪಕ್ಕಕ್ಕೆ ವಾಲಿತ್ತು.

"ಇಷ್ಟೇನಾ ಅವಳು ಕಲಿಸಿದ್ದು?" ಎಂದಳು ಗೋಡೆಗೆ.

ಅಲ್ಲಿಯವರೆಗೆ ಬಿಚ್ಚಬೇಕು. ಬಿಚ್ಚಿ, ತಾನೇ ನೀಟಾಗಿ ಹೆಣೆದು ಪೆಟ್ಟಿಗೆಯಲ್ಲಿಡಬೇಕು. ಬೆರಳಿಟ್ಟು ನೋಡಿದಾಗ ಅವನಿಗೆ ತಿಳಿಯಲಿ, ಹೆಣಿಗೆ ಅಂದರೆ ಯಾರ ಕೈ ಎಂದು. ತುದಿ ಹಿಡಿದು ಎಳೆದಳು. ಬರಲಿಲ್ಲ. ಮತ್ತೆ ಎಳೆದಳು, ಕೂದಲು ಇನ್ನಷ್ಟು ಬಿಗಿಯಾಗಿ ಕಚ್ಚಿಕೊಂಡಿತು. ಇನ್ನೊಬ್ಬಳಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದಳು. ಆದರೆ ಟೀಚರಮ್ಮನಿಗೆ ಇದರ ಮದ್ದೂ ಗೊತ್ತಿತ್ತು. ಇಂಥ ನೂಲನ್ನು ಫ್ರೀಜರಿನಲ್ಲಿಟ್ಟರೆ ಕೂದಲು ಸೆಡೆತು ಒಂದನ್ನೊಂದು ಬಿಡುತ್ತದೆ. ಹೊರಗೆ ತೆಗೆದ ಕೂಡಲೇ, ಬಿಸಿ ಏರುವ ಮುಂಚೆ, ಬಿಚ್ಚಿಬಿಡಬೇಕು. ಮಫ್ಲರನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಐಸಿನ ತಟ್ಟೆಯ ಪಕ್ಕದಲ್ಲಿ ತಳ್ಳಿ, ಬಾಗಿಲು ಹಾಕಿದಳು.

ಅದು ಗಟ್ಟಿಯಾಗುವವರೆಗೆ ಮನೆಯಲ್ಲಿ ಕೂರಲು ಆಗಲಿಲ್ಲ. ಇವತ್ತು ಹೇಗೂ ಅವನಿಲ್ಲ, ಆ ಹೆಂಗಸಿನ ಮುಖಕ್ಕೆ ಮುಖ ಕೊಟ್ಟು ಮಾತಾಡಿಯೇಬಿಡೋಣ ಎಂದು ಚಪ್ಪಲಿ ಮೆಟ್ಟಿಕೊಂಡಳು.

ಉಣ್ಣೆ ಅಂಗಡಿಯಾಕೆ ಉಂಡೆಗಳನ್ನು ಜೋಡಿಸುತ್ತಿದ್ದವಳು ಕನ್ನಡಕ ಮೇಲೇರಿಸಿದಳು. "ಬನ್ನಿ ಟೀಚರಮ್ಮ. ಅಂತೂ ಒಳಗೆ ಬಂದ್ರಲ್ಲ!"

ಟೀಚರಮ್ಮ ಕೂರಲಿಲ್ಲ. "ನಮ್ಮನೆಯವರಿಗೆ ಆ ಕೂದಲು ನೂಲು ಕೊಟ್ಟಿದ್ದು ನೀವಲ್ವಾ? ಹೊಸದಾಗಿ ಕಲಿಯೋರಿಗೆ ಯಾರಾದ್ರೂ ಅದನ್ನ ಕೊಡ್ತಾರೇನ್ರೀ? ದಪ್ಪ ಹತ್ತಿ ನೂಲು ಕೊಡಬೇಕು. ತಿಳಿ ಬಣ್ಣದ್ದು."

"ನಾನೂ ಅದನ್ನೇ ಕೊಟ್ಟೆ. ಬೇಡ ಅಂದ್ರು. ಕಣ್ಣಿಗೆ ಕಾಣೋದು ಬೇಡ, ಬೆರಳಿಗೆ ಮಾತ್ರ ಗೊತ್ತಾಗೋದು ಕೊಡಿ ಅಂದ್ರು. ಆಮೇಲೆ ಇನ್ನೊಂದು ಮಾತು ಕೇಳಿದ್ರು..." ಆಕೆ ತಡೆದಳು. "ಹೇಳಿದ್ರೆ ನೀವು ಬೇಜಾರು ಮಾಡ್ಕೋತೀರ."

"ಬೇಜಾರಾಗೋದು ಬಾಕಿ ಏನುಳಿದಿದೆ, ಹೇಳಿ."

"ಒಂದ್ಸಲ ಹೆಣೆದ ಮೇಲೆ ಯಾರ ಕೈಲೂ ಬಿಚ್ಚೋಕಾಗಬಾರದು, ಅಂಥ ನೂಲು ಯಾವುದಿದೆ ಅಂದ್ರು. ಯಾರ್ರೀ ಬಿಚ್ಚೋರು ಅಂತ ನಾನು ನಕ್ಕೆ. ನಮ್ಮನೇಲಿ ಒಂದು ಕೈ ಇದೆ, ಅಂಥಾ ಹೆಣೆಯೋ ಕೈ ಈ ಊರಲ್ಲಿಲ್ಲ. ಆದ್ರೆ ತಪ್ಪು ಕಂಡ್ರೆ ಅದು ಸುಮ್ನಿರಲ್ಲ, ನನ್ನ ಬೆರಳೀಗ ತಪ್ಪು ಮಾಡ್ಕೊಂಡೇ ಕಲೀಬೇಕು ಅಂದ್ರು." ಆಕೆ ಅಭ್ಯಾಸದಂತೆ ಕೈ ಮುಟ್ಟಲು ಬಂದು, ಟೀಚರಮ್ಮನ ಮುಖ ನೋಡಿ ಹಿಂದೆ ತೆಗೆದುಕೊಂಡಳು. "ನಿಜ ಹೇಳ್ಲಾ? ದಿನಾ ಬಂದು ಕೂತ್ರೆ ನಿಮ್ಮ ಸುದ್ದೀನೇ. ಟೀಚರಮ್ಮ ಅಂಚು ಹೀಗೆ ತಿರುಗಿಸ್ತಾಳೆ, ಟೀಚರಮ್ಮ ನೂಲು ಹೀಗೆ ಹಿಡೀತಾಳೆ. ನಾನೂ ಅಂಗಡಿ ಇಟ್ಕೊಂಡು ಕೂದಲು ಬೆಳ್ಳಗೆ ಮಾಡ್ಕೊಂಡವಳೇ. ಕೇಳಿ ಕೇಳಿ ನನಗೇ ಹೊಟ್ಟೆ ಉರೀತಿತ್ತು."

ಟೀಚರಮ್ಮನಿಗೆ ಕೆಂಪು ಮಫ್ಲರು ಕಣ್ಣಮುಂದೆ ಬಂತು. ಚಾಪೆಯ ಮೇಲೆ ಬಿದ್ದ ಗುಂಗುರು ನೂಲು ಬಂತು. ಕಡೆಗೆ ಐಸಿನ ತಟ್ಟೆಯ ಪಕ್ಕದ ಕವರು. ಬರ್ತೀನಿ ಎಂದೂ ಹೇಳದೆ ಹೊರಗೆ ಬಿದ್ದಳು. ಮಾರ್ಕೆಟ್ಟು ದಾಟುವಾಗ ಒಬ್ಬರಿಗೆ ಡಿಕ್ಕಿ ಹೊಡೆದಳು, ಒಂದು ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು, ಎಳೆದುಕೊಂಡೇ ನಡೆದಳು.

ಮನೆಯ ಬಾಗಿಲು ತೆರೆದಿತ್ತು.

ಗಂಡ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಅಂಗಿ ಮೊಣಕೈವರೆಗೆ ತೊಯ್ದಿತ್ತು. ಬೆರಳಿಗೆ ಉಜ್ಜಲು ಐಸಿನ ತಟ್ಟೆ ತೆಗೆದಿದ್ದ. ಅದರ ಪಕ್ಕದಲ್ಲಿ ಕವರು, ಕವರಿನ ಮೇಲೆ ಮಫ್ಲರು, ರಟ್ಟಿನ ಹಾಗೆ ಸೆಟೆದು, ಮೇಲೆಲ್ಲ ಬಿಳಿ ಹಿಮದ ಪುಡಿ.

ಅವನೇ ಮೊದಲು ಮಾತಾಡಿದ. "ಮಗು ಹೊರಗೆ ಬಂತು."

"ಚೆನ್ನಾಗಿದೆಯಾ?"

"ಚೆನ್ನಾಗಿದೆ. ಒಳಗೆ ಕೂತ್ಕೊಂಡು ನೀರಾಟ ಆಡ್ತಿತ್ತು. ಅತ್ತಿದ್ದೆಲ್ಲ ಹೊರಗಿರೋರು." ಅವನು ತೋರುಬೆರಳನ್ನು ನೋಡಿಕೊಂಡ. "ಬೀಗದೊಳಗಿನ ಪಿನ್ನು ಬೆರಳಿಗೆ ಸಿಕ್ತು ಕಣೇ. ಒಂದು ಕಚ್ಚಿಕೊಂಡಿತ್ತು. ಅಲುಗಿದ್ದು ಗೊತ್ತಾಯ್ತು. ಜುಮ್ ಅಂತು. ದುಡ್ಡೂ ಇಸ್ಕೊಳ್ದೆ ಓಡಿ ಬಂದೆ, ಮೊದಲು ನಿನಗೆ ಹೇಳೋಣ ಅಂತ. ನೀನಿರಲಿಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಎಲ್ಲಿಗೆ ಹೋಗಿದ್ದೆ?"

"ಉಣ್ಣೆ ಅಂಗಡಿಗೆ."

"ಓ" ಎಂದ. ಅಷ್ಟೇ. ಆಮೇಲೆ ಮಫ್ಲರನ್ನು ಅವಳ ಕಡೆಗೆ ಸರಿಸಿದ. "ಹೀಗಿಟ್ರೆ ಬಿಚ್ಚೋಕೆ ಬರುತ್ತೆ ಅಂತ ಆಕೆ ಹೇಳಿದ್ಲು. ನಿನಗೆ ಗೊತ್ತಿರಲಿಕ್ಕಿಲ್ಲ ಅಂದ್ಕೊಂಡಿದ್ದೆ. ದಡ್ಡ ನಾನು, ಹೆಣಿಗೇಲಿ ನಿನಗೆ ಗೊತ್ತಿಲ್ಲದ್ದು ಯಾವುದಿದೆ. ತಗೋ. ಬಿಚ್ಚು."

ಕೋಪವಿರಲಿಲ್ಲ ಆ ದನಿಯಲ್ಲಿ.

ಅವಳು ಕೂತಳು. ನೂಲಿನ ತುದಿ ಕೈಗೆ ಸಿಕ್ಕುವಂತೆಯೇ ಚಾಚಿಕೊಂಡಿತ್ತು. ಈಗ ಎಳೆದರೆ ಬರುತ್ತದೆ. ಈಗ ಬಿಟ್ಟರೆ ಬರುವುದಿಲ್ಲ. ಬೆರಳು ಜುಮುಗುಟ್ಟಿತು. ಅವಳು ತುದಿಯನ್ನು ಹಿಡಿಯಲಿಲ್ಲ. ಎರಡೂ ಅಂಗೈಯನ್ನು ಮಫ್ಲರಿನ ಮೇಲೆ ಒತ್ತಿ ಇಟ್ಟಳು. ಚಳಿ ಅಂಗೈ ಕೊರೆದು ಮೊಣಕೈವರೆಗೆ ಏರಿತು. ಅವನು ನೋಡುತ್ತಿದ್ದ. ಹಿಮದ ಪುಡಿ ನೀರಾಯಿತು, ಕೂದಲು ಒಂದೊಂದಾಗಿ ಮೆತ್ತಗಾಗಿ ಮತ್ತೆ ಕುಣಿಕೆಗಳನ್ನು ತಬ್ಬಿಕೊಂಡಿತು.

"ನಡುವೆ ಒಂದು ಕಡೆ ತಪ್ಪಿದೆ, ಗೊತ್ತಾ ನಿಮಗೆ?" ಎಂದಳು. ಹೇಳದೆ ಇರಲು ಆಗಲಿಲ್ಲ.

"ಗೊತ್ತು. ಅವತ್ತು ಕಣ್ಣು ಬಿಟ್ರೆ ಗಾಜಿನಾಚೆ ನೀನು ತಿರುಗಿ ಹೋಗ್ತಿದ್ದೆ, ಚೀಲ ಹಿಡ್ಕೊಂಡು. ವಾಪಸ್ ಬರ್ತೀಯೇನೋ ಅಂತ ನೋಡ್ತಾನೇ ಇದ್ದೆ. ಎಣಿಕೆ ತಪ್ಪಿಹೋಯ್ತು."

ಅವಳ ಬೆರಳು ತಾನಾಗಿ ಆ ಜಾಗ ಹುಡುಕಿಕೊಂಡು ಹೋಯಿತು. ಮೂರು ನಾಲ್ಕು ಕುಣಿಕೆಗಳಷ್ಟು ಖಾಲಿ. ಅಲ್ಲೇ ನಿಂತಿತು.

"ಚೆನ್ನಾಗಿದೆ" ಎಂದಳು. ಆ ಮಾತು ಅವಳ ಬಾಯಿಗೆ ಅಭ್ಯಾಸವಿರಲಿಲ್ಲ. ಎರಡನೆಯ ಸಲ ಹೇಳಿ ನೋಡಿದಳು. "ಚೆನ್ನಾಗೇ ಇದೆ."

ಅವನು ನಗಲಿಲ್ಲ. ಆದರೆ ಕಡ್ಡಿ ತಂದು ಎದುರಿಗೆ ಕೂತು, ಕಣ್ಣು ಮುಚ್ಚಿ, ಬಿಟ್ಟಲ್ಲಿಂದ ಶುರುಮಾಡಿದ. ನೂಲು ಇನ್ನೂ ಒದ್ದೆಯಿತ್ತು. ಮೊದಲ ಕುಣಿಕೆ ಸರಿಯಾಗಿ ಬಿತ್ತು. ಎರಡನೆಯದು ಬಿಗಿಯಾಯಿತು. ಮೂರನೆಯದಕ್ಕೆ ಕಡ್ಡಿ ಪಕ್ಕದ ಸಂದಿಗೆ ಹೋಗುತ್ತಿರುವುದು ಅವಳಿಗೆ ಕಾಣುತ್ತಿತ್ತು. ಟೀಚರಮ್ಮ ತನ್ನ ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂತಳು.

"ಉಂಡೆ ಮುಗೀತಾ ಬಂತು" ಎಂದ ಅವನು, ಕಣ್ಣು ತೆರೆಯದೆ. "ನಾಳೆ ಅಂಗಡಿಗೆ ಹೋಗಿ ಇನ್ನೊಂದು ತರಬೇಕು."

"ನೀವು ಬೀಗ ನೋಡ್ಕೊಳ್ಳಿ" ಎಂದಳು ಅವಳು. "ಉಂಡೆ ನಾನು ತರ್ತೀನಿ."